ಮೂರನೇ ಮಾಳಿಗೆಯ ಮಲ್ಲಿಗೆ

ನಮ್ಮ ಶಾಲೆಯ ಹುಡುಗಿಯರ ವಿಭಾಗಕ್ಕೆ ರೋಬೋಟಿಕ್ಸ್ ಬಂದದ್ದು ಚೌಕಾಸಿಯಿಂದ. ಹುಡುಗರ ವಿಭಾಗದಲ್ಲಿ ಆಗಲೇ ಇತ್ತು, ನಮ್ಮ ಕಡೆ ಇರಲಿಲ್ಲ. ನಾನಾಗ ಅಲ್ಲಿ ಲ್ಯಾಬ್ ಅಸಿಸ್ಟೆಂಟ್. ಪ್ರಿನ್ಸಿಪಾಲ್ ಮೇಡಂ ಹತ್ತಿರ ಹೋಗಿ ಏಸಿ ಸಹಿತ ಇಡೀ ಹೊಸ ಲ್ಯಾಬನ್ನೇ ಕೇಳಿದೆ. ಅವರು ಕನ್ನಡಕ ತೆಗೆದಿಟ್ಟು ನಕ್ಕರು. ನಗು ಮುಗಿಯುವವರೆಗೆ ಕಾದು, "ಹಾಗಾದರೆ ಆ ಹಳೇ ಸ್ಟೋರ್ ರೂಮಾದರೂ ಕೊಡಿ ಮೇಡಂ, ವಾರಕ್ಕೆ ಎರಡು ಪಿರಿಯಡ್" ಎಂದೆ. ಕೊಟ್ಟರು. ನನಗೆ ಬೇಕಾಗಿದ್ದದ್ದೂ ಅದೇ.

ಬೇಕಾದದ್ದನ್ನು ಮೊದಲಿಗೇ ಕೇಳಬಾರದು. ದೊಡ್ಡದು ಕೇಳಬೇಕು. ಒಮ್ಮೆ ಇಲ್ಲ ಅಂದವರಿಗೆ ಎರಡನೇ ಸಲ ಇಲ್ಲ ಅನ್ನಲಿಕ್ಕೆ ಸ್ವಲ್ಪ ನಾಚಿಕೆಯಾಗುತ್ತದೆ, ಆ ನಾಚಿಕೆಯಲ್ಲೇ ನಮ್ಮ ಕೆಲಸ ಆಗುವುದು. ಇದು ಯಾವ ಕೋರ್ಸಿನಲ್ಲಿಯೂ ಕಲಿತದ್ದಲ್ಲ. ನಾನು ವಿಟ್ಲದ ಕಡೆಯವಳು, ಬೀಡಿ ಕಟ್ಟಿ ಪಾಲಿಟೆಕ್ನಿಕ್ ಓದಿದವಳು. ಬೀಡಿ ಬ್ರಾಂಚಿನಲ್ಲಿ ಕಟ್ಟು ತಿರುಗಿಸಿ ತಿರುಗಿಸಿ ನೋಡಿ "ಇದು ಆಗುದಿಲ್ಲ" ಎಂದು ಬದಿಗೆಸೆಯುವವರ ಎದುರು ನಿಂತು ಮಾತಾಡಲು ಕಲಿತವಳಿಗೆ ಪ್ರಿನ್ಸಿಪಾಲ್ ಎಂತ ದೊಡ್ಡದು? ಕೋಡಿಂಗನ್ನು ಮಾತ್ರ ಮದುವೆಯಾಗಿ ಸೌದಿಯ ಅಲ್ ಅಹ್ಸಾಕ್ಕೆ ಬಂದ ಮೇಲೆ ಕಲಿತೆ. ಗಂಡ ಡ್ಯೂಟಿಗೆ, ಮಗ ಶಾಲೆಗೆ ಹೋದ ಮೇಲೆ, ಸಾರು ಕುದಿಯುವ ಹೊತ್ತಿಗೆ ಒಂದೊಂದು ಪಾಠ.

ಮೊದಲ ತರಗತಿಗೆ ನಾನು ಕಂಪ್ಯೂಟರ್ ಒಯ್ಯುವುದಿಲ್ಲ. ಫ್ಲಾಸ್ಕು, ಲೋಟ, ಟೀ ಪುಡಿ, ಸಕ್ಕರೆ, ಲಿಂಬೆ ಒಯ್ಯುತ್ತೇನೆ. "ನಾನೇ ರೋಬೋಟ್. ಸುಲೈಮಾನಿ ಮಾಡಿಸಿ ನೋಡುವಾ" ಎನ್ನುತ್ತೇನೆ. "ಟೀ ಪುಡಿ ಹಾಕಿ" ಎಂದು ಒಬ್ಬಳು ಹೇಳಿದರೆ ಇಡೀ ಪ್ಯಾಕೆಟ್ಟು ಸುರಿಯುತ್ತೇನೆ. "ನೀರು ಹಾಕಿ" ಅಂದರೆ ಲೋಟ ತುಂಬಿ ಮೇಜಿನ ಮೇಲೆ ಹರಿದರೂ ಸುರಿಯುತ್ತಲೇ ಇರುತ್ತೇನೆ. ಮಕ್ಕಳು ಕಿರುಚಿ ಬೆಂಚಿನ ಮೇಲೆ ಹತ್ತುತ್ತಾರೆ. "ಮ್ಯಾಮ್, ಸ್ಟಾಪ್ ಹೇಳದೆ ನಿಲ್ಲುದಿಲ್ವಾ?" "ನೀವು ಹೇಳಿದ್ದೀರಾ?" ಅಷ್ಟೇ. ಹೇಳಿದ್ದನ್ನು ಮಾತ್ರ ಮಾಡುವ, ಹೇಳದ್ದನ್ನು ಎಂದೂ ಊಹಿಸದ ಒಂದು ಜೀವದ ಜೊತೆ ಹೇಗೆ ಮಾತಾಡಬೇಕು ಎಂಬುದು ಒಂದೇ ಪಿರಿಯಡ್‌ನಲ್ಲಿ ತಲೆಗೆ ಹೋಗುತ್ತದೆ. ಮನೆಯಲ್ಲಿ ಮಕ್ಕಳಿಗೆ ಕಲಿಸುವವರೂ ಹೀಗೇ ಶುರು ಮಾಡಿ. ಮೇಜಿಗೆ ಹಳೇ ಪ್ಲಾಸ್ಟಿಕ್ ಹಾಸಿಕೊಳ್ಳಿ.

ಆ ವರ್ಷ ಎಂಟನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಇಬ್ಬರು ಕೂರುತ್ತಿದ್ದರು. ಒಬ್ಬಳು ಬಂಟ್ವಾಳದವಳು, ನಮ್ಮ ಬ್ಯಾರಿ ಹುಡುಗಿ, ನಮ್ಮ ಕಟ್ಟಡದಲ್ಲೇ ಮೂರನೇ ಮಾಳಿಗೆಯಲ್ಲಿ ಅವರ ಮನೆ. ಇನ್ನೊಬ್ಬಳು ಶಿರ್ವದವಳು, ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹುಡುಗಿ. ಶಾಲೆಯಲ್ಲಿ ಮಕ್ಕಳದ್ದೆಲ್ಲ ಇಂಗ್ಲಿಷೇ. ಇವರಿಬ್ಬರು ಮಾತ್ರ ಬೇರೆಯವರಿಗೆ ತಿಳಿಯಬಾರದ ಮಾತಿಗೆ ಕನ್ನಡ ಇಟ್ಟುಕೊಂಡಿದ್ದರು. ಅದು ನನಗೆ ತಿಳಿಯುತ್ತದೆ ಎಂದು ಗೊತ್ತಾದ ದಿನ ಇಬ್ಬರ ಮುಖವೂ ನೋಡುವ ಹಾಗಿತ್ತು, ಯಾಕೆಂದರೆ ಆ ದಿನ ಅವರು ಮಾತಾಡುತ್ತಿದ್ದದ್ದು ನನ್ನ ಚಪ್ಪಲಿಯ ಬಗ್ಗೆ.

"ಪರವಾಗಿಲ್ಲ ಮಾರಾಯ್ತಿ" ಎಂದೆ, "ಚಪ್ಪಲಿ ಹಳತೇ. ಪ್ರೋಗ್ರಾಂ ಎಂತಾಯ್ತು?"

ಶಿರ್ವದವಳ ಮನೆಯ ಬಾಲ್ಕನಿಯಲ್ಲಿ ಒಂದು ಮಲ್ಲಿಗೆ ಗಿಡ ಇತ್ತು. ಅವಳ ಅಮ್ಮನ ತವರಿನಲ್ಲಿ ಅಂಗಳ ತುಂಬ ಮಲ್ಲಿಗೆ. ಇಲ್ಲಿ ಖರ್ಜೂರದ ತೋಟಗಳ ನಡುವೆ ಒಂದು ನರ್ಸರಿಯಲ್ಲಿ, ಫುಲ್ ಎಂದು ಅರಬಿಗಳು ಕರೆಯುವ ಗಿಡ ಮೂಸಿ ನೋಡಿ "ಇದು ನಮ್ಮದೇ" ಎಂದು ತಂದದ್ದಂತೆ. ಸಂಜೆ ಬಿರಿದ ಹೂವನ್ನು ಮರುದಿನ ಹುಡುಗಿ ಪೆನ್ಸಿಲ್ ಡಬ್ಬಿಯಲ್ಲಿ ಹಾಕಿ ತರುತ್ತಿದ್ದಳು. ಸ್ಟೋರ್ ರೂಮಿಗೆ ಹಳೇ ಪೇಂಟಿನ ವಾಸನೆ ಇತ್ತು, ಆ ಡಬ್ಬಿ ತೆರೆದರೆ ಸ್ವಲ್ಪ ಹೊತ್ತು ಇರುತ್ತಿರಲಿಲ್ಲ.

ಅರ್ಧ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅವಳ ಅಪ್ಪನ ಕಂಪನಿಯಲ್ಲಿ ಕೆಲಸ ನಿಂತಿತು. ಗಲ್ಫಿನಲ್ಲಿ ಇದಕ್ಕೊಂದೇ ಶಬ್ದ, ಎಕ್ಸಿಟ್. ಇಕಾಮಾ ಎಂಬ ವಾಸದ ಪರವಾನಗಿ ಮುಗಿಯುವ ಮೊದಲು ಸಾಮಾನು ಮಾರಿ, ಟಿಕೆಟ್ ಮಾಡಿ ಹೊರಡುವುದು. ಪ್ರತಿ ವರ್ಷ ಒಂದಲ್ಲ ಒಂದು ಬೆಂಚಿನಲ್ಲಿ ಹೀಗೆ ಜಾಗ ಖಾಲಿಯಾಗುತ್ತದೆ, ಟೀಚರುಗಳು ಹಾಜರಿ ಕರೆಯುವಾಗ ಒಂದು ಹೆಸರು ನುಂಗಿ ಮುಂದೆ ಹೋಗುತ್ತೇವೆ. ಸೋಫಾ, ಫ್ರಿಜ್ಜು ಎಲ್ಲ ಯಾರು ಯಾರಿಗೋ ಹೋಯಿತು. ಮಲ್ಲಿಗೆ ಚಟ್ಟಿಯನ್ನು ಮಾತ್ರ ಆ ಹುಡುಗಿ ಎರಡೂ ಕೈಯಲ್ಲಿ ಹಿಡಿದು ನಮ್ಮ ಕಟ್ಟಡದ ಮೂರನೇ ಮಾಳಿಗೆಗೆ ತಂದುಕೊಟ್ಟಳು. ಮೆಟ್ಟಿಲಲ್ಲಿ ಸಿಕ್ಕಿದಾಗ ನಾನು ಹಿಡಿಯಲಿಕ್ಕೆ ಹೋದೆ, ಕೊಡಲಿಲ್ಲ.

"ಸಾಯಿಸಬೇಡ ಆಯ್ತಾ" ಎಂದಳು ಗೆಳತಿಗೆ.

"ನಾನು ಯಾಕೆ ಸಾಯಿಸ್ತೇನೆ?"

"ನಿನ್ನ ಹತ್ರ ಎರಡು ಮೀನು ಸತ್ತಿದೆ."

"ಅದು ಮೀನು. ಮೀನಿಗೆ ಎಂತ ಬೇಕು ಅಂತ ಅದು ಹೇಳುದಿಲ್ಲ."

ಗಿಡವೂ ಹೇಳುವುದಿಲ್ಲ ಎಂದು ಆ ಕ್ಷಣ ಇಬ್ಬರಿಗೂ ಹೊಳೆದಿರಬೇಕು. ಹೊರಡುವ ಮೊದಲಿನ ಉಳಿದ ತರಗತಿಗಳಲ್ಲಿ ಇಬ್ಬರೂ ಕೂತು ಗಿಡಕ್ಕೆ ಮಾತು ಬರುವ ಯಂತ್ರ ಮಾಡಿದರು. ದೊಡ್ಡ ಸಂಗತಿ ಎಂತ ಇಲ್ಲ. ಮಣ್ಣಿಗೆ ಚುಚ್ಚುವ ಎರಡು ಕಾಲಿನ ಒಂದು ಸೆನ್ಸರ್. ಒಂದು ಕಾಲಿನಿಂದ ಇನ್ನೊಂದಕ್ಕೆ ಸಣ್ಣ ಕರೆಂಟು ಬಿಡುತ್ತದೆ. ಮಣ್ಣು ಒದ್ದೆ ಇದ್ದರೆ ಕರೆಂಟು ಸಲೀಸಾಗಿ ದಾಟುತ್ತದೆ, ಒಣಗಿದರೆ ದಾಟುವುದಿಲ್ಲ. ದಾಟದಿದ್ದರೆ ಪುಟ್ಟ ಪಂಪು ನಡೆದು ಗಿಡಕ್ಕೆ ನೀರು ಬೀಳಬೇಕು. ಸೆನ್ಸರಿನ ಭಾಗ ಬರೆದದ್ದು ಶಿರ್ವದವಳು. ನೀರು ಬಿದ್ದ ಕೂಡಲೇ ಫೋನಿಗೆ ಮೆಸೇಜು ಹೋಗುವ ಭಾಗ ಬಂಟ್ವಾಳದವಳದ್ದು. ಅದರ ಮಾತನ್ನು ಕನ್ನಡದಲ್ಲೇ ಹಾಕಿದ್ದಳು: "ನೀರು ಕುಡಿದೆ. ಈಗ ಆರಾಮ."

"ಯಾರ ಫೋನಿಗೆ?" ಎಂದು ಕೇಳಿದೆ.

"ಅವಳಿಗೆ ಮಾತ್ರ. ಗಿಡ ಅವಳದ್ದಲ್ವಾ ಮ್ಯಾಮ್."

ಹೀಗೆ ಶಿರ್ವದವಳು ಊರಿಗೆ ಹೋದಳು. ಮೆಸೇಜು ಅವಳ ಹಿಂದೆಯೇ ಹೋಗುತ್ತಿತ್ತು. ಚಳಿಗಾಲದಲ್ಲಿ ಅಪರೂಪಕ್ಕೆ, ಬಿಸಿಲು ಏರಿದ ಹಾಗೆ ಹೆಚ್ಚು ಹೆಚ್ಚು. ಪ್ರತಿ ಮೆಸೇಜಿಗೂ ಅವಳು ಇವಳಿಗೆ ಒಂದು ಹೂವಿನ ಚಿತ್ರ ಕಳಿಸುವಳು, ಅಲ್ಲಿಂದ ಮಾತು ಶುರು. ಇವಳ ಅಮ್ಮ ಮೆಟ್ಟಿಲಲ್ಲಿ ಸಿಕ್ಕಿದರೆ ನನಗೆ ದೂರು: "ಟೀಚರೇ, ನೀವು ಕಲಿಸಿದ್ದು ಸಾಕು. ಆ ಗಿಡ ದಿನಕ್ಕೊಮ್ಮೆ ನೀರು ಕುಡೀತದೆ, ಇವಳು ಗಂಟೆಗಟ್ಟಲೆ ಫೋನು ಕುಡೀತಾಳೆ."

ಬೇಸಿಗೆ ರಜೆ ಬಂತು. ಮೂರನೇ ಮಾಳಿಗೆಯವರೆಲ್ಲ ಬಂಟ್ವಾಳಕ್ಕೆ ಹೊರಟರು. ನನ್ನ ಗಂಡನಿಗೆ ರಜೆ ಸಿಗಲಿಲ್ಲ, ಹಾಗಾಗಿ ಆ ವರ್ಷ ನಾವು ಇಲ್ಲೇ. ಗಲ್ಫಿನಲ್ಲಿ ಗಿಡ ಸಾಕಿದವರಿಗೆ ಗೊತ್ತು, ರಜೆ ಎಂದರೆ ಗಿಡಗಳಿಗೆ ಮರಣ. ಹೊರಡುವ ಮೊದಲು ಹುಡುಗಿ ಮನೆಯ ಕೀ ನನ್ನ ಕೈಯಲ್ಲಿಟ್ಟಳು.

"ಮ್ಯಾಮ್, ನೀವು ನೀರು ಹಾಕ್ಬಾರ್ದು. ಬಾಗಿಲೂ ತೆಗೀಬಾರ್ದು. ಅದೇ ಕುಡೀಬೇಕು."

"ಮತ್ತೆ ಕೀ ಯಾಕೆ?"

"ಬೆಂಕಿ ಗಿಂಕಿ ಬಿದ್ರೆ."

ನ್ಯಾಯದ ಮಾತು. ನಾನು ಒಪ್ಪಿದೆ. ಪಂಪಿಗೆ ನೀರಿಡುತ್ತಿದ್ದ ಬಕೆಟ್ಟು ರಜೆಗೆ ಸಾಲದೆಂದು ಬಾಲ್ಕನಿಯಲ್ಲಿ ಒಂದು ನೀಲಿ ಡ್ರಮ್ಮು ಇಟ್ಟಿದ್ದರು. ಅದನ್ನು ತುಂಬಿಸುವಾಗ ನಾನೂ ಇದ್ದೆ. ಹುಡುಗಿಯ ಅಮ್ಮ ಕುಡಿಯುವ ನೀರಿನ ಕ್ಯಾನು ಎತ್ತಿ ಡ್ರಮ್ಮಿಗೆ ಬಗ್ಗಿಸಲಿಕ್ಕೆ ಹೊರಟಾಗ, "ಎಂತ ಮಾರಾಯ್ತಿ, ಸಿಹಿನೀರು ಡ್ರಮ್ಮಿಗಾ? ನಲ್ಲಿಗೆ ಪೈಪು ಸಿಕ್ಕಿಸು" ಎಂದು ಗದರಿದವಳು ನಾನೇ. ಇಲ್ಲಿ ನಲ್ಲಿಯ ನೀರಿಗೆ ಉಪ್ಪಿನ ಅಂಶ ಇದೆ, ಪಾತ್ರೆ ತೊಳೆಯಲು, ಸ್ನಾನಕ್ಕೆ ಅದು. ಕುಡಿಯಲು, ಅಡುಗೆಗೆ ಅಂಗಡಿಯಿಂದ ಕ್ಯಾನಿನಲ್ಲಿ ತರುವ ಸಿಹಿನೀರು. ಅದನ್ನು ಮೂರು ಮಾಳಿಗೆ ಹೊತ್ತವರಿಗೆ ಗೊತ್ತು ಅದರ ತೂಕ. ಗಿಡಕ್ಕೆ ಯಾರಾದರೂ ಅದನ್ನು ಸುರಿಯುತ್ತಾರಾ? ನನ್ನ ಮಾತಿಗೆ ಡ್ರಮ್ಮು ನಲ್ಲಿ ನೀರಿನಲ್ಲಿ ತುಂಬಿತು.

ರಜೆ ಅರ್ಧ ಕಳೆದಿರಬೇಕು. ಒಂದು ಸಂಜೆ ಮಗನಿಗೆ ಪತ್ತಿರ್ ರೊಟ್ಟಿ ತಟ್ಟುತ್ತಿದ್ದೆ, ಫೋನು ಬಂತು. ಶಿರ್ವದ ಹುಡುಗಿ.

"ಹೇಗಿದ್ದೀರಿ ಮ್ಯಾಮ್?"

"ಚೆಂದ ಇದ್ದೇನೆ. ಎಂತ ವಿಶೇಷ?"

"ಎಂತ ಇಲ್ಲ." ಅವಳ ಹಿಂದಿನಿಂದ ಮಳೆಯ ಶಬ್ದ ಕೇಳುತ್ತಿತ್ತು. ಆಮೇಲೆ ಕೇಳಿದಳು: "ಮ್ಯಾಮ್, ಪ್ರೋಗ್ರಾಮಿನಿಂದ ಅವಳು ನನ್ನ ನಂಬರ್ ತೆಗೆದ್ಲಾ?"

"ಯಾರು? ಯಾಕೆ ತೆಗೀತಾಳೆ?"

"ಮೆಸೇಜ್ ಬರುದಿಲ್ಲ. ಸುಮಾರು ದಿನ ಆಯ್ತು."

"ಅವಳ ಹತ್ರವೇ ಕೇಳುದಲ್ವಾ? ಬಂಟ್ವಾಳದಲ್ಲೇ ಇದ್ದಾಳಲ್ಲ, ನಿನಗೆ ಹತ್ರ."

"ನಾನು ಯಾಕೆ ಕೇಳುದು? ಊರಿಗೆ ಬಂದವಳು ಅವಳೇ ಫೋನ್ ಮಾಡ್ಲಿಲ್ಲ."

ಹಿಟ್ಟಿನ ಕೈಯಲ್ಲೇ ನಾನು ಕೀ ಹುಡುಕಿದೆ. ಕೊಟ್ಟ ಮಾತು ಮಾತೇ, ಆದರೆ ಇದು ಬೆಂಕಿ ಬಿದ್ದದ್ದಕ್ಕಿಂತ ಕಡಿಮೆಯೇನೂ ಆಗಿರಲಿಲ್ಲ.

ಬಾಲ್ಕನಿಯ ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದ ಹಾಗೆ ಗಾಳಿ. ಡ್ರಮ್ಮಿನಲ್ಲಿ ನೀರು ಬೇಕಾದಷ್ಟಿದೆ. ಯಂತ್ರದ ಹಸಿರು ದೀಪ ಉರಿಯುತ್ತಿದೆ. ಗಿಡದ ಎಲೆಗಳು ಹಪ್ಪಳದ ಹಾಗೆ ಒಣಗಿ ಅರ್ಧ ನೆಲದಲ್ಲಿ, ಅರ್ಧ ಕೊಂಬೆಯಲ್ಲಿ. ಮಣ್ಣು ಮುಟ್ಟಿದರೆ ಮೇಲೆ ಹುಡಿ, ಬೆರಳು ಇಳಿಸಿದರೆ ಒಳಗೆ ತಣ್ಣಗಿನ ಅಂಟು ಅಷ್ಟೇ. ಆದರೂ ಪಂಪು ನಡೆಯುತ್ತಿಲ್ಲ, ಎಂದರೆ ಸೆನ್ಸರು ಹೇಳುತ್ತಿರುವುದು, ಒದ್ದೆ, ಒದ್ದೆ, ಒದ್ದೆ. ಬಗ್ಗಿ ನೋಡಿದೆ. ಮಣ್ಣಿನ ಮೇಲೆ, ಸೆನ್ಸರಿನ ಎರಡು ಕಾಲಿನ ಸುತ್ತ ಬಿಳೀ ಪೊರೆ. ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟೆ.

ಉಪ್ಪು. ಉಪ್ಪು ಸೇರಿದ ಮಣ್ಣಿನಲ್ಲಿ ಸ್ವಲ್ಪ ಪಸೆ ಇದ್ದರೂ ಸಾಕು, ಕರೆಂಟು ಓಡಿ ದಾಟುತ್ತದೆ. ಯಂತ್ರ ಅದನ್ನೇ ಒದ್ದೆ ಎಂದು ತಿಳಿಯುತ್ತದೆ. ಶಾಲೆಯಲ್ಲಿ ನಾವು ಅದನ್ನು ಹದ ಮಾಡಿದ್ದು ಮಕ್ಕಳ ಬಾಟಲಿಯ ನೀರಿನಿಂದ. ಮನೆಯಲ್ಲಿ ಅಷ್ಟು ತಿಂಗಳು ಪಂಪಿನ ಬಕೆಟ್ಟಿಗೆ ಹೋಗುತ್ತಿದ್ದದ್ದು ಲೋಟಗಳಲ್ಲಿ, ಫ್ಲಾಸ್ಕಿನಲ್ಲಿ ಮಿಕ್ಕಿದ ಸಿಹಿನೀರು. ಡ್ರಮ್ಮಿಗೆ ಬಿದ್ದದ್ದು ನನ್ನ ಉಳಿತಾಯದ ನೀರು. ಆದ್ದರಿಂದ ಕೇಳಿ, ಉಳಿಸುವುದು ಒಳ್ಳೆಯದೇ, ಆದರೆ ಎಲ್ಲಿ ಉಳಿಸಬಾರದು ಎಂದು ಮೊದಲು ನೋಡಿಕೊಂಡು ಉಳಿಸಿ.

ಉಗುರಿನಿಂದ ಕಾಂಡ ಸ್ವಲ್ಪ ಕೆರೆದೆ. ಒಳಗೆ ಹಸಿರು ಇತ್ತು. ನಮ್ಮ ಮನೆಯಿಂದ ಸಿಹಿನೀರಿನ ಕ್ಯಾನನ್ನೇ ಹೊತ್ತು ಹತ್ತಿ, ಚಟ್ಟಿಯ ಅಡಿಯ ತೂತಿನಿಂದ ನೀರು ಸುರಿದು ಹೋಗುವವರೆಗೆ ಹಾಕಿದೆ. ಉಪ್ಪು ತೊಳೆದು ಹೋಗಬೇಕಲ್ಲ.

ಇನ್ನು ಯಂತ್ರ. ಎಷ್ಟು ಕರೆಂಟು ದಾಟಿದರೆ ಒದ್ದೆ ಎಂದು ತಿಳಿಸುವ ಒಂದು ಅಂಕಿ ಬದಲಿಸಿದರೆ ಮುಗಿಯಿತು, ಐದು ನಿಮಿಷದ ಕೆಲಸ. ಲ್ಯಾಪ್‌ಟಾಪ್ ತರಲಿಕ್ಕೆ ಮೆಟ್ಟಿಲಿಳಿದೆ. ಎರಡನೇ ಮಾಳಿಗೆಯಲ್ಲಿ ನಿಂತೆ. ಅಂಕಿ ನಾನು ಬದಲಿಸಿದರೆ ಮೆಸೇಜು ಹೋಗುತ್ತದೆ. ಆದರೆ "ಊರಿಗೆ ಬಂದವಳು ಅವಳೇ ಫೋನ್ ಮಾಡ್ಲಿಲ್ಲ" ಎಂಬುದಕ್ಕೆ ಯಾವ ಅಂಕಿ ಬದಲಿಸುವುದು?

ನನಗೆ ಎರಡೂ ಮನೆಯ ವಿಷಯ ಗೊತ್ತಿತ್ತು. ಎಕ್ಸಿಟ್‌ನಲ್ಲಿ ಹೋದವರು ರಜೆಯಲ್ಲಿ ಬಂದವರ ಮನೆಗೆ ಹೋಗುವುದಿಲ್ಲ, "ಈಗ ಅಲ್ಲಿ ಎಂತ ಕೆಲಸ?" ಎಂದು ಕೇಳುತ್ತಾರಲ್ಲ. ರಜೆಯಲ್ಲಿ ಬಂದವರು ಎಕ್ಸಿಟ್‌ನವರ ಮನೆಗೆ ಚಾಕಲೇಟು ಹಿಡಿದು ಹೋಗಲಿಕ್ಕೆ ಅಳುಕುತ್ತಾರೆ, ಜಂಬ ತೋರಿಸಲು ಬಂದರು ಎನ್ನುತ್ತಾರಲ್ಲ. ಇಬ್ಬರೂ ಒಳ್ಳೆಯವರೇ. ಒಳ್ಳೆಯತನದಲ್ಲೇ ದೂರ ಕೂತವರು. ಮಕ್ಕಳು ದೊಡ್ಡವರನ್ನು ನೋಡಿ ಕಲಿಯುತ್ತವೆ.

ಮೊದಲು ಬಂಟ್ವಾಳಕ್ಕೆ ಫೋನು ಮಾಡಿದೆ. "ಯಂತ್ರ ಕೆಟ್ಟಿದೆ. ನಿನ್ನ ಮಗಳನ್ನು ಒಂದು ವಾರ ಶಿರ್ವದಲ್ಲಿ ಬಿಡು."

"ಒಂದು ವಾರವಾ? ಟೀಚರೇ, ನಿಮಗೆ ತಲೆ ಸರಿ ಉಂಟಾ? ಇಲ್ಲಿ ಮದುವೆಗಳೇ ಮುಗಿದಿಲ್ಲ."

"ಹಾಗಾದರೆ ಒಂದು ಹಗಲು. ಬೆಳಿಗ್ಗೆ ಹೋಗಿ ಸಂಜೆ ಬನ್ನಿ."

"ಅವರು ಎಂತ ಗ್ರಹಿಸ್ತಾರೋ..." ಎಂದಳು. ಇಲ್ಲ ಎನ್ನಲಿಲ್ಲ.

ಆಮೇಲೆ ಶಿರ್ವಕ್ಕೆ. ಹುಡುಗಿಯ ಅಮ್ಮ ಫೋನು ತೆಗೆದುಕೊಂಡರು. ಅವರು ಇಲ್ಲಿಂದ ಹೋದ ಮೇಲೆ ನಮ್ಮ ಮಾತೇ ಆಗಿರಲಿಲ್ಲ. "ನಿಮ್ಮ ಮಲ್ಲಿಗೆಗೆ ಹುಷಾರಿಲ್ಲ ಮಾರಾಯ್ರೇ" ಎಂದೆ. "ಸೆನ್ಸರಿನ ಭಾಗ ನಿಮ್ಮವಳು ಬರೆದದ್ದು, ಮೆಸೇಜಿನದ್ದು ಅವಳು. ಇಬ್ಬರೂ ಒಟ್ಟಿಗೆ ಕೂರದೆ ಆಗುದಿಲ್ಲ. ನೀವೇ ಎಲ್ಲ ಬಂಟ್ವಾಳಕ್ಕೆ ಹೋಗಿ ಎರಡು ದಿನ ಕೂತು ಬನ್ನಿ."

"ಅಯ್ಯೋ, ನಮಗೆ ಎಲ್ಲಿಗೂ ಹೋಗ್ಲಿಕ್ಕೆ ಆಗುದಿಲ್ಲ ಈಗ."

"ಹಾಗಾದರೆ ಅವರೇ ಬರಲಿ?"

ಸುಮ್ಮನಿದ್ದರು. ಚೌಕಾಸಿಯಲ್ಲಿ ಎದುರಿನವರು ಸುಮ್ಮನಾದಾಗ ನಾವೂ ಸುಮ್ಮನಿರಬೇಕು, ಅಲ್ಲಿ ಬಾಯಿ ಹಾಕಿದವರು ಸೋತರು. ನಾನು ಒಲೆಯ ಮೇಲಿನ ಕಾವಲಿ ನೋಡುತ್ತಾ ನಿಂತೆ.

"ಬರ್ಲಿ" ಎಂದರು. "ಊಟಕ್ಕೇ ಬರ್ಲಿ. ಮೀನು ತಿಂತಾರಲ್ಲ?"

"ಬಂಟ್ವಾಳದವರಿಗೆ ಮೀನು ಕೇಳುದಾ?" ಎಂದೆ. ಅವರು ನಕ್ಕರು.

ಬಂಟ್ವಾಳದವರು ಶಿರ್ವಕ್ಕೆ ಹೋಗುವ ದಿನದವರೆಗೆ ದಿನವೂ ಕ್ಯಾನು ಹೊತ್ತೆ. ಗಂಡ ಕೇಳಿದರು, "ನಿನಗೆ ಸಂಬಳ ಕೊಡುವ ಶಾಲೆ ಯಾವ ಮಾಳಿಗೆಯಲ್ಲಿ?" ಹಾಗೆ ಕೇಳಿದವರೇ ಮರುದಿನದಿಂದ ಕ್ಯಾನು ಹೊರಲು ಬಂದರು. ಒಣಗಿದ ಎಲೆ ಎಲ್ಲ ಉದುರಿ ಗಿಡ ಬರೀ ಕಡ್ಡಿಯಾಯಿತು. ಇನ್ನೆಂತ ತೋರಿಸಲಿ ಈ ಮಕ್ಕಳಿಗೆ ಎಂದುಕೊಂಡೆ. ಆ ದಿನ ಬೆಳಿಗ್ಗೆ ನೋಡಿದರೆ, ಒಂದು ಗಂಟಿನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಚುಕ್ಕೆ.

ಮಧ್ಯಾಹ್ನ ವೀಡಿಯೋ ಕಾಲ್ ಬಂತು. ಪರದೆಯಲ್ಲಿ ಇಬ್ಬರೂ, ನಡುವೆ ಒಂದು ಮೊಳ ಜಾಗ ಬಿಟ್ಟು, ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗೆ. ನಾನು ಬಾಲ್ಕನಿಯಲ್ಲಿ ಕೊಡೆ ಬಿಡಿಸಿ, ಲ್ಯಾಪ್‌ಟಾಪ್ ತೊಡೆಯಲ್ಲಿಟ್ಟು ಕೂತಿದ್ದೆ. ಗಿಡ ತೋರಿಸಿದೆ. ಕ್ಯಾಮೆರಾ ಹತ್ತಿರ ಒಯ್ದು ಚುಕ್ಕೆ ತೋರಿಸಿದೆ. ಶಿರ್ವದವಳು ಪರದೆಗೆ ಮೂಗು ತಾಗಿಸಿದಳು, ಬಂಟ್ವಾಳದವಳೂ ಬಗ್ಗಿದಳು, ಎರಡು ತಲೆ ಒಂದಕ್ಕೊಂದು ಬಡಿಯಿತು.

"ನಂಬರ್ ನಾನು ತೆಗೀಲಿಲ್ಲ" ಎಂದಳು ಬಂಟ್ವಾಳದವಳು, ತಲೆ ಉಜ್ಜುತ್ತಾ. "ನೀನು ಹೂವಿನ ಚಿತ್ರ ಕಳಿಸುದು ನಿಲ್ಲಿಸಿದಿ. ನನ್ನ ಮೇಲೆ ಕೋಪ ಅಂತ ನಾನು ಸುಮ್ಮನಿದ್ದೆ."

"ಮೆಸೇಜ್ ಬಾರದೆ ನಾನು ಹೂ ಯಾವುದಕ್ಕೆ ಕಳಿಸುದು?"

ಉಪ್ಪಿನ ಕಥೆ ಹೇಳಿದೆ. ನಲ್ಲಿಗೆ ಪೈಪು ಸಿಕ್ಕಿಸಿದ್ದು ಯಾರ ಬುದ್ಧಿ ಎಂದೂ ಹೇಳಿದೆ. "ಈಗ ನಾನು ರೋಬೋಟ್" ಎಂದೆ. "ನೀವು ಹೇಳಿದ್ದನ್ನು ಮಾತ್ರ ಟೈಪ್ ಮಾಡುದು."

"ಆ ಅಂಕಿ ಬದಲಿಸಿ" ಎಂದಳು ಬಂಟ್ವಾಳದವಳು.

"ಬೇಡ, ಉಪ್ಪು ಪುನಃ ಹೆಚ್ಚಾದ್ರೆ ಅದೂ ಸುಳ್ಳಾಗ್ತದೆ" ಎಂದಳು ಇನ್ನೊಬ್ಬಳು. "ಮಣ್ಣು ಬೇಡ ಅಂದ್ರೂ ಸಂಜೆಗೆ ಸ್ವಲ್ಪ ಕೊಡುದು. ನನ್ನ ಅಮ್ಮ ಊಟಕ್ಕೆ ಹಾಗೇ ಮಾಡುದು."

"ಆಯ್ತು. ಮತ್ತೆ ಮ್ಯಾಮ್, ಮೆಸೇಜ್. ನೀರು ಕುಡಿದ್ರೆ ಮಾತ್ರ ಅಲ್ಲ. ದಿನಾಲೂ ಹೋಗ್ಬೇಕು. ಕುಡಿಯದಿದ್ದ ದಿನ 'ಇವತ್ತು ನೀರು ಸಿಗ್ಲಿಲ್ಲ' ಅಂತ."

"ಏನೂ ಬಾರದಿದ್ರೆ?" ಎಂದು ನಾನು ಕೇಳಿದೆ.

ಶಿರ್ವದವಳು ಹೇಳಿದಳು, "ಏನೂ ಬಾರದಿದ್ರೆ ಯಂತ್ರ ಕೆಟ್ಟಿದೆ ಅಂತ. ಆಗ ಫೋನ್ ಮಾಡುದು." ಗೆಳತಿಯ ಕಡೆ ತಿರುಗಿ, "ಕೂಡ್ಲೇ ಮಾಡುದು" ಎಂದಳು.

ಇದನ್ನು ನಾನು ಕಲಿಸಿರಲಿಲ್ಲ. ಸ್ಟೋರ್ ರೂಮಿನಲ್ಲಿ ಅಷ್ಟು ಯಂತ್ರ ಮಾಡಿಸಿದ್ದೆ, ಹೇಳಲಿಕ್ಕೆ ಏನೂ ಇಲ್ಲದ ದಿನವೂ ಒಂದು ಮಾತು ಹೇಳಬೇಕು ಎಂದು ಯಾವುದಕ್ಕೂ ಕಲಿಸಿರಲಿಲ್ಲ. ಈಗ ಪ್ರತಿ ವರ್ಷ ಕಲಿಸುತ್ತೇನೆ.

ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ತಪ್ಪು ಹೇಳಿದರೆ ತಪ್ಪನ್ನೇ ಹೊಡೆದೆ. "ಮ್ಯಾಮ್, ಅದು ತಪ್ಪು ಅಂತ ನಿಮಗೆ ಗೊತ್ತಿಲ್ವಾ?" "ರೋಬೋಟಿಗೆ ಗೊತ್ತಿಲ್ಲ." ಕೊಡೆಯ ಅಡಿಯಲ್ಲಿ ಬೆವರು ಕೀಬೋರ್ಡಿಗೆ ತೊಟ್ಟಿಕ್ಕುತ್ತಿತ್ತು. ಅತ್ತ ಪರದೆಯ ಹಿಂದೆ ಇಬ್ಬರು ಅಮ್ಮಂದಿರು ಅಡುಗೆಮನೆಯಲ್ಲಿ ಮಾತಾಡುತ್ತಿರುವುದು ಕೇಳುತ್ತಿತ್ತು, ಬಂಗುಡೆಯೋ ಇನ್ನೆಂತದೋ ಎಣ್ಣೆಯಲ್ಲಿ ಚುರ್ ಎನ್ನುವುದು ಕೇಳುತ್ತಿತ್ತು. ಮೆಸೇಜು ಯಾರಿಗೆ ಎಂದು ಕೇಳಿದೆ. ಈ ಸಲ ಮೂರು ನಂಬರು ಹೇಳಿದರು, ಮೂರನೆಯದು ನನ್ನದು.

ಡ್ರಮ್ಮಿನ ನೀರೆಲ್ಲ ಚೆಲ್ಲಿ, ಗಂಡ ಹೊತ್ತು ತಂದ ಸಿಹಿನೀರು ತುಂಬಿಸಿದೆ. ಪ್ರೋಗ್ರಾಂ ಹಾಕಿದೆ, ಸಂಜೆಯವರೆಗೆ ಕಾಯದೆ ಈಗಲೇ ಒಮ್ಮೆ ನಡೆಸಿ ಎಂದರು. ಹಸಿರು ದೀಪ ಒಮ್ಮೆ ಆರಿ ಹೊತ್ತಿತು. ಪಂಪು ಗುಂಯ್ ಎಂದು, ಕೊಳವೆಯ ಬಾಯಲ್ಲಿ ನೀರು ಕಾಣಿಸಿತು. ನನ್ನ ಫೋನು ಟಿಣ್ ಎಂದಿತು, ಪರದೆಯಲ್ಲಿ ಅವರ ಫೋನುಗಳೂ ಒಂದರ ಹಿಂದೊಂದು. "ನೀರು ಕುಡಿದೆ. ಈಗ ಆರಾಮ."

ಈಗ ಅವರ ನಡುವೆ ಮೊಳ ಜಾಗ ಇರಲಿಲ್ಲ. ಉಪ್ಪುನೀರಿನ ಬಗ್ಗೆ, ಗಿಡ ಸಾಕುವುದರ ಬಗ್ಗೆ ಇನ್ನೆರಡು ಮಾತು ಹೇಳುವುದಿತ್ತು ನನಗೆ, ಬಾಯಿ ತೆರೆದೆ.

"ಮ್ಯಾಮ್" ಎಂದಳು ಶಿರ್ವದವಳು, "ಬೇಜಾರು ಮಾಡ್ಬೇಡಿ. ನೀವು ಕಟ್ ಮಾಡ್ತೀರಾ? ನಮಗೆ ಸ್ವಲ್ಪ ಮಾತಾಡ್ಲಿಕ್ಕುಂಟು."

ರೋಬೋಟ್ ಅಲ್ಲವಾ, ಹೇಳಿದ್ದನ್ನು ಮಾಡಿದೆ.